ಮೂಲೆಯಿಂದ ಮೂಲೆಗೆ ಮೂವತ್ತೆರಡು ಇಂಚು

ನನ್ನ ಬಲಗೈಯ ಕಿರುಬೆರಳು ಮತ್ತು ಅದರ ಪಕ್ಕದ ಬೆರಳು ಯಾವಾಗ ನಿದ್ದೆಗೆ ಜಾರಿದವೋ ನನಗೆ ಗೊತ್ತಾಗಲಿಲ್ಲ. ಗೊತ್ತಾದದ್ದು ರೊಟ್ಟಿ ಮಾಡುವಾಗ. ಜೋಳದ ಹಿಟ್ಟಿಗೆ ಕುದಿವ ನೀರು ಸುರಿದು ನಾದುತ್ತಿದ್ದೆ. ಮೂರು ಬೆರಳಿಗೆ ಸುಟ್ಟಿತು, ಎರಡಕ್ಕೆ ಸುಡಲಿಲ್ಲ. ಮೊದಲು ಖುಷಿಯೇ ಆಯಿತು, ಕೊನೆಗೂ ನನ್ನ ಕೈ ಅತ್ತೆಯ ಕೈಯಂತೆ ಪಳಗಿತು ಅಂದುಕೊಂಡೆ. ಸಂಜೆ ಕೀಬೋರ್ಡಿನ ಮೇಲೆ ಅದೇ ಎರಡು ಬೆರಳು ಬೇಕಾದ ಕೀಲಿ ಬಿಟ್ಟು ಪಕ್ಕದ್ದನ್ನು ಒತ್ತತೊಡಗಿದಾಗ ಪಳಗಿದ್ದಲ್ಲ, ಕೆಟ್ಟದ್ದು ಎಂದು ತಿಳಿಯಿತು.

ಕಲಬುರಗಿಯ ಫಿಜಿಯೋಥೆರಪಿ ಡಾಕ್ಟರಮ್ಮ ಬೆರಳು ನೋಡಲೇ ಇಲ್ಲ, ಕುತ್ತಿಗೆ ಹಿಡಿದರು. ಏನು ಕೆಲಸ ಎಂದು ಕೇಳಿದರು. ಪ್ರೋಗ್ರಾಮಿಂಗ್, ಮನೆಯಿಂದಲೇ ಮಾಡುತ್ತೇನೆ ಎಂದೆ.

"ಲ್ಯಾಪ್‌ಟಾಪ್ ಎದರ ಮ್ಯಾಲ ಇಡ್ತೀರಿ?"

"ಟ್ರಂಕಿನ ಮ್ಯಾಲ್ರಿ."

"ಟ್ರಂಕು ಅಂದ್ರ? ಕಬ್ಬಿಣದ ಟ್ರಂಕೇನು?"

"ಹೌದ್ರಿ. ನನ್ನ ಮದುವಿದು."

ಅವರು ನನ್ನನ್ನು ನೋಡಿದ ರೀತಿ ಇನ್ನೂ ನೆನಪಿದೆ. ಐದು ವರ್ಷದಿಂದ ಚಿತ್ತಾಪುರದ ಮನೆಯ ಹಿಂದಿನ ಕೋಣೆಯಲ್ಲಿ, ಮದುವೆಯ ಟ್ರಂಕಿನ ಮೇಲೆ ಲ್ಯಾಪ್‌ಟಾಪ್ ಇಟ್ಟು, ಪ್ಲಾಸ್ಟಿಕ್ ಕುರ್ಚಿಯಲ್ಲಿ ಬಾಗಿ ಕೂತು, ದೊಡ್ಡ ದೊಡ್ಡ ದೇಶಗಳ ಜನ ಬಟ್ಟೆ ಕೊಳ್ಳುವ ಜಾಲತಾಣವೊಂದನ್ನು ನಾನು ನಡೆಸುತ್ತಿದ್ದೆ. ವಿಡಿಯೋ ಕರೆಯಲ್ಲಿ ನನ್ನ ಹಿಂದೆ ಒಳ್ಳೆಯ ಬಟ್ಟೆಯ ಪರದೆ ಕಾಣುತ್ತಿತ್ತು. ಟ್ರಂಕು ಕಾಣುತ್ತಿರಲಿಲ್ಲ. ಕಂಪನಿಯವರು ನನ್ನನ್ನು ಸೀನಿಯರ್ ಎನ್ನುತ್ತಿದ್ದರು, ಕುತ್ತಿಗೆ ಅದನ್ನು ನಿಜ ಮಾಡಿತು.

ಡಾಕ್ಟರಮ್ಮ ಚೀಟಿಯಲ್ಲಿ ಮೂರೇ ಸಾಲು ಬರೆದುಕೊಟ್ಟರು. ದೊಡ್ಡ ಪರದೆ. ಒಂದು ತೋಳಿನಷ್ಟು ದೂರ. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ. "ಹಿಂಗೇ ಮೂರು ತಿಂಗಳು ಕುಂತ್ರಿ ಅಂದ್ರ ಈ ಕೆಲಸ ಬಿಡಬೇಕಾಗ್ತದ ನೋಡ್ರಿ. ಬೆರಳು ಎದ್ದು ಬರೋದು ನಿಮ್ಮ ಕೈಯಾಗ ಅದ."

ಕೆಲಸ ಬಿಡುವುದೆಂದರೆ ಕೇಳುವವರಿಗೆ ಸಣ್ಣ ಮಾತು. ಮನೆಯಲ್ಲಿ ತಿನ್ನುವುದಕ್ಕೇನೂ ಕೊರತೆಯಿಲ್ಲ, ಯಾರೂ ದುಡಿ ಎಂದು ಹೇಳಿದವರೂ ಅಲ್ಲ. ಆದರೆ ದಿನಕ್ಕೆ ಎಂಟು ತಾಸು ಆ ಪರದೆಯ ಮುಂದೆ ನಾನು ಯಾರ ಸೊಸೆಯೂ ಅಲ್ಲ, ಯಾರ ಹೆಂಡತಿಯೂ ಅಲ್ಲ. ಅಲ್ಲಿ ಯಾರೂ ಬೇಳೆಗೆ ಉಪ್ಪು ಕಡಿಮೆಯಾಗಿದೆ ಎನ್ನುವುದಿಲ್ಲ. ಕೋಡ್ ತಪ್ಪಿದ್ದರೆ ತಪ್ಪು ಎನ್ನುತ್ತಾರೆ, ನಾನೂ ತಿದ್ದುತ್ತೇನೆ, ಅಲ್ಲಿಗೆ ಮುಗಿಯಿತು. ಅದು ಹೋದರೆ ನನ್ನಲ್ಲಿ ಏನುಳಿಯುತ್ತದೆ ಎಂದು ವಾಪಸು ಬರುವ ದಾರಿಯುದ್ದಕ್ಕೂ ಯೋಚಿಸಿದೆ. ಶಹಾಬಾದ್ ದಾಟಿ ವಾಡಿ ಬರುವಷ್ಟರಲ್ಲಿ ಅಳು ಬಂತು. ಎದುರಿನ ಸೀಟಿನ ಹೆಂಗಸು ಕಿಟಕಿ ಹಾಕಿದಳು, ಸಿಮೆಂಟ್ ಕಾರ್ಖಾನೆಯ ಧೂಳು ಕಣ್ಣಿಗೆ ಬಿದ್ದಿದೆ ಎಂದುಕೊಂಡು.

ಸರಿ, ಒಂದು ಮಾನಿಟರ್ ಕೊಂಡರಾಯಿತು ಎಂದುಕೊಂಡೆ. ನಾನೆಂಥ ಹುಚ್ಚಿ.

ಕಚೇರಿಯ ಗುಂಪಿನಲ್ಲಿ ಒಂದು ಸಾಲು ಬರೆದೆ: ಯಾವ ಅಳತೆಯ ಮಾನಿಟರ್ ಒಳ್ಳೆಯದು? ಮರುದಿನದ ಹೊತ್ತಿಗೆ ಅಲ್ಲಿ ಮೂರು ಮಠಗಳು ಹುಟ್ಟಿದ್ದವು. ಇಪ್ಪತ್ತೇಳು ಇಂಚಿನವರು ಮೂವತ್ತೆರಡಿನವರನ್ನು ಸಿನಿಮಾ ನೋಡುವವರು ಎಂದರು. ಮೂವತ್ತೆರಡಿನವರು ಇಪ್ಪತ್ತೇಳರವರನ್ನು ಕಣ್ಣಿಗೆ ಶತ್ರುಗಳು ಎಂದರು. ಒಬ್ಬನದು ಎರಡು ಮಾನಿಟರಿನ ಪಂಥ: ಒಂದು ಅಡ್ಡ, ಇನ್ನೊಂದು ಉದ್ದಕ್ಕೆ ನಿಲ್ಲಿಸಿದ್ದು. ಉದ್ದದ್ದರಲ್ಲಿ ಕೋಡ್ ಓದಿದರೆ ಎಲ್ಲ ಸ್ಪಷ್ಟವಾಗುತ್ತದಂತೆ. ಅವನು ಬರೆದದ್ದನ್ನು ತಿದ್ದುವವಳು ನಾನೇ. ಏನೂ ಸ್ಪಷ್ಟವಾದ ಲಕ್ಷಣ ನನಗೆ ಕಂಡಿಲ್ಲ.

ನಮ್ಮ ಮನೆಯವರು ಚಿಂಚೋಳಿಯಲ್ಲಿ ಶಾಲೆಯ ಮೇಷ್ಟ್ರು. ವಾರವೆಲ್ಲ ಅಲ್ಲೇ ಕೋಣೆ ಮಾಡಿಕೊಂಡಿದ್ದು ಶನಿವಾರ ಮನೆಗೆ ಬರುತ್ತಾರೆ. ಅವರು ಜನ್ಮದಲ್ಲಿ ಒಮ್ಮೆಗೆ ಎರಡು ಕಿಟಕಿ ತೆರೆದು ಕಂಪ್ಯೂಟರ್ ಬಳಸಿದವರಲ್ಲ. ಆದರೆ ಫೋನಿನಲ್ಲಿ ಮಾನಿಟರಿನ ವಿಡಿಯೋ ನೋಡಿದ್ದೇ ನೋಡಿದ್ದು, ಆ ವಾರ ಬಸ್ಸಿಳಿಯುವಾಗಲೇ ತಜ್ಞರಾಗಿ ಇಳಿದರು.

"ಮೂವತ್ನಾಕು ಇಂಚಿನ ಅಲ್ಟ್ರಾವೈಡ್ ತಗೋ. ಬಾಗಿರ್ತದ ಅದು. ಭಾಳ ಮಸ್ತ್ ಕಾಣ್ತದ."

"ಬಾಗಿದ್ದು ನನ್ನ ಕುತ್ತಿಗಿನೇ ಸಾಕ್ರಿ," ಎಂದೆ.

ಅವರು ಚಹಾ ಕುಡಿಯುತ್ತ ಮತ್ತೆರಡು ವಿಡಿಯೋ ತೋರಿಸಿದರು. ಎರಡರಲ್ಲೂ ಬಣ್ಣಬಣ್ಣದ ದೀಪ ಹಾಕಿಕೊಂಡ ಹುಡುಗರು ಖಾಲಿ ಪರದೆಯ ಮುಂದೆ ಕೂತು ನಗುತ್ತಿದ್ದರು. ಒಬ್ಬನೂ ಕೆಲಸ ಮಾಡುತ್ತಿರಲಿಲ್ಲ.

ನನ್ನ ಲೆಕ್ಕ ಸರಳವಾಗಿತ್ತು. ಇಪ್ಪತ್ತೇಳರಲ್ಲಿ ಅಕ್ಷರ ಓದಲು ಮುಂದೆ ಬಾಗಬೇಕು, ಬಾಗಿದರೆ ಮತ್ತೆ ಅದೇ ಕಥೆ. ಮೂವತ್ತನಾಲ್ಕರದು ಆ ಕೊನೆಯಿಂದ ಈ ಕೊನೆಗೆ ತಲೆ ತಿರುಗಿಸಬೇಕು. ಮೂವತ್ತೆರಡನ್ನು ಒಂದು ತೋಳು ದೂರ ಇಟ್ಟರೆ ಒರಗಿ ಕೂತೇ ಓದಬಹುದು. ಇಷ್ಟು ತೀರ್ಮಾನಿಸಲು ನನಗೆ ಮೂರು ವಾರ ಹಿಡಿಯಿತು. ಮದುವೆಗೆ ಹೂಂ ಎನ್ನಲು ಇಷ್ಟು ದಿನ ತೆಗೆದುಕೊಂಡಿರಲಿಲ್ಲ.

ಇನ್ನು ಮೇಜು. ಇಲ್ಲಿ ನನ್ನ ಮಾವನವರು ಬಂದರು.

ಮಾವನವರು ನಲವತ್ತು ವರ್ಷ ಕಲ್ಲು ಅಳೆದವರು. ಶಹಾಬಾದಿನ ಕಲ್ಲಿನ ಅಡ್ಡೆಗಳಲ್ಲಿ, ರಾವೂರಿನ ಖಣಿಗಳಲ್ಲಿ, ವಾಡಿಯ ಲಾರಿಗಳ ಮುಂದೆ, ನೆಲಕ್ಕೆ ಹಾಸುವ ಫರಸಿ ಕಲ್ಲನ್ನು ಒಂದೊಂದಾಗಿ ಬಾಗಿ ನೋಡಿ, ಉದ್ದ ಅಗಲ ಕೂಗಿ ಹೇಳುವುದು ಅವರ ಕೆಲಸವಾಗಿತ್ತು. ಅಂಗಿಯ ಜೇಬಿನಲ್ಲಿ ಎರಡೇ ಸಾಮಾನು: ವಿಭೂತಿ ಗಟ್ಟಿ ಮತ್ತು ಉಕ್ಕಿನ ಟೇಪು. ನನ್ನನ್ನು ನೋಡಲು ಸೇಡಂಗೆ ಬಂದ ದಿನ ನಮ್ಮಪ್ಪನಿಗೆ ಅವರು ಹೇಳಿದ ಮೊದಲ ಮಾತು, "ನಿಮ್ಮ ಬಾಗಿಲಿನ ಚೌಕಟ್ಟು ಎಡಕ್ಕ ಒಂದು ಸೂತ ವಾಲ್ಯಾದ ನೋಡ್ರಿ." ಸೂತವೆಂದರೆ ಇಂಚಿನಲ್ಲಿ ಎಂಟನೆಯ ಒಂದು ಪಾಲು. ಅವರು ಹೋದ ಮೇಲೆ ನಮ್ಮಪ್ಪ ಅಳೆದು ನೋಡಿದರು. ವಾಲಿತ್ತು.

ಈ ಮನೆಯ ಗೋಡೆಗಳನ್ನು ಮಾವನವರೇ ಮುಂದೆ ನಿಂತು, ತೂಗುಗುಂಡು ಬಿಟ್ಟು ಕಟ್ಟಿಸಿದ್ದು. ಇಡೀ ಓಣಿಯಲ್ಲಿ ಇಷ್ಟು ನೆಟ್ಟಗಿನ ಗೋಡೆ ಇನ್ನೊಂದಿಲ್ಲ ಎಂದು ಮನೆಗೆ ಬಂದವರಿಗೆಲ್ಲ ನೀರು ಕೊಡುವ ಮೊದಲೇ ಹೇಳುತ್ತಾರೆ. ಮನೆಯಲ್ಲಿ ಯಾವ ಫೋಟೋವನ್ನೂ ನಾವು ಅವರ ಒಪ್ಪಿಗೆಯಿಲ್ಲದೆ ತೂಗುಹಾಕುವಂತಿಲ್ಲ. ಸೊಟ್ಟ ಎನ್ನುವುದು ಅವರ ಬಾಯಲ್ಲಿ ಎಲ್ಲಕ್ಕಿಂತ ದೊಡ್ಡ ಬೈಗುಳ. ಎದುರು ಮನೆಯವರ ಜೊತೆ ಮಾತು ಬಿಟ್ಟದ್ದಕ್ಕೂ ಅವರ ಕಟ್ಟೆ ಸೊಟ್ಟ ಎಂಬುದೇ ಕಾರಣ.

ನಾನು ಮರದ ಮೇಜೊಂದನ್ನು ಫೋನಿನಲ್ಲಿ ನೋಡಿಟ್ಟಿದ್ದೆ. ಮಾನಿಟರನ್ನು ಎತ್ತಿ ಹಿಡಿಯುವ ಕಬ್ಬಿಣದ ತೋಳೊಂದು ಬರುತ್ತದೆ, ಮೇಜಿನ ಅಂಚಿಗೆ ಬಿಗಿದರೆ ಬೇಕಾದಷ್ಟು ಮೇಲೆ ಕೆಳಗೆ ಮಾಡಬಹುದು, ಅದನ್ನೂ ತೋರಿಸಿದೆ. ಮಾವನವರು ಫೋನನ್ನು ಒಂದು ತೋಳು ದೂರ ಹಿಡಿದು ನೋಡಿದರು.

"ಕಟ್ಟಿಗಿ ಟೇಬಲ್ಲಾ? ಕಲ್ಲಿನ ಸೀಮ್ಯಾಗ ಇದ್ದು? ಮಂದಿ ನಗ್ತಾರವ್ವಾ."

"ಐದು ವರ್ಷ ಟ್ರಂಕಿನ ಮ್ಯಾಲ ಮಾಡೀನ್ರಿ ಮಾವಾರ, ಆವಾಗ ಯಾರೂ ನಗಲಿಲ್ಲ."

"ಅದು ಯಾರಿಗಿ ಕಂಡದ?"

ಕೊನೆಗೆ ರಾವೂರಿನಿಂದ ಕಲ್ಲು ತರಿಸುವುದು ಎಂದಾಯಿತು. ಆ ಕಬ್ಬಿಣದ ತೋಳು ಬೇಡವೇ ಬೇಡ ಎಂದರು. "ನಮ್ಮ ಕಲ್ಲು ಪದರ ಪದರ ಇರ್ತದ. ಅಂಚಿಗಿ ಕಚ್ಚಿಸಿದಿ ಅಂದ್ರ ಹೋಳಿಗಿ ಬಿಚ್ಚಿದಂಗ ಬಿಚ್ಚತದ." ಇದು ಮಾತ್ರ ನಿಜ. ಕಲ್ಲಿನ ವಿಷಯದಲ್ಲಿ ಅವರು ಸುಳ್ಳು ಹೇಳುವುದಿಲ್ಲ. ನಾಲ್ಕಡಿ ಉದ್ದ, ಎರಡಡಿ ಅಗಲ ಸಾಕು, ಎಲ್ಲರೂ ಅಷ್ಟೇ ಒಯ್ಯುತ್ತಾರೆ ಎಂದರು. ಪರದೆ ದೂರ ಇರಬೇಕು, ಎರಡೂವರೆ ಬೇಕು ಎಂದೆ. ಆ ಅರ್ಧ ಅಡಿಗಾಗಿ ನಾವಿಬ್ಬರೂ ನಾಲ್ಕು ದಿನ ಹೋರಾಡಿದೆವು. ನಾನು ಗೆದ್ದೆ. ಅವರು ಎರಡು ದಿನ ನನ್ನ ಕೈಯ ಚಹಾ ಕುಡಿಯಲಿಲ್ಲ, ಅತ್ತೆಯ ಕೈಯಲ್ಲಿ ಮಾಡಿಸಿಕೊಂಡರು. ಅದು ಒಳ್ಳೆಯದಿರುವುದಿಲ್ಲ, ಅವರಿಗೇ ಶಿಕ್ಷೆಯಾಯಿತು.

ಮೂರನೆಯ ದಿನ ತಾವೇ ಬಂದು ಕೇಳಿದರು. "ಎಷ್ಟು ಇಂಚಿಂದು ತರಲಿಕತ್ತಿ?"

"ಮೂವತ್ತೆರಡು ಇಂಚಿಂದ್ರಿ."

"ಪಕ್ಕಾ?"

"ಪಕ್ಕಾ ರೀ."

ಅಷ್ಟೇ ಮಾತು. ಅವರು ಟೇಪನ್ನು ಸರಕ್ಕನೆ ಎಳೆದು ಸರಕ್ಕನೆ ಬಿಟ್ಟು ಹೋದರು. ಡಾಕ್ಟರಮ್ಮನ ಚೀಟಿಯನ್ನೂ ಓದಿಸಿಕೊಂಡರು. ಮೇಲಂಚು ಕಣ್ಣಿನ ಮಟ್ಟಕ್ಕೆ ಎಂಬ ಸಾಲಿಗೆ ಬಂದಾಗ ಕೈಯೆತ್ತಿ ನಿಲ್ಲಿಸಿದರು. "ಇದು ನನಗ ಹೇಳಬ್ಯಾಡ. ಲಿಂಗಪೂಜಿಗಿ ಕುಂತಾಗ ಅಂಗೈ ಎಲ್ಲಿಗಿ ಬರ್ತದ, ಅದೇ ಕಣ್ಣಿನ ಮಟ್ಟ. ಎಂಟು ವರ್ಷದಾವ ಇದ್ದಾಗಿಂದ ದಿನಾ ಕುಂದ್ರಲಿಕತ್ತೀನಿ." ಎಡಗೈಯನ್ನು ಕಣ್ಣ ಮುಂದೆ ಹಿಡಿದು ತೋರಿಸಿದರು. ನಾನು ತಲೆಯಾಡಿಸಿ ಸಾಂಬಾರಿಗೆ ಒಗ್ಗರಣೆ ಹಾಕಲು ಹೋದೆ. ಆಗಲೇ ಸರಿಯಾಗಿ ನೋಡಿದ್ದರೆ ಮುಂದಿನದೆಲ್ಲ ತಿಳಿಯುತ್ತಿತ್ತು.

ಮಾನಿಟರನ್ನು ಸೇಡಂನಲ್ಲೇ ಕೊಳ್ಳುತ್ತೇನೆ ಎಂದು ಹಟ ಹಿಡಿದವಳು ನಾನು. ತವರೂರು, ಗುರುತಿನ ಅಂಗಡಿ, ನಮ್ಮೂರವರು ಅಳತೆಯಲ್ಲಿ ಮೋಸ ಮಾಡುವವರಲ್ಲ ಎಂದು ಮಾವನವರ ಮುಂದೆಯೇ ಜಂಬ ಕೊಚ್ಚಿದ್ದೆ. ಶನಿವಾರ ನಾನು ಚಿತ್ತಾಪುರದಿಂದ ರೈಲಿನಲ್ಲಿ, ನಮ್ಮ ಮನೆಯವರು ಚಿಂಚೋಳಿಯಿಂದ ಬಸ್ಸಿನಲ್ಲಿ, ಸೇಡಂನ ಅಂಗಡಿಯ ಮುಂದೆ ಕೂಡಿದೆವು. ಅಂಗಡಿಯವ ಸಿಸಿಟಿವಿ ಕ್ಯಾಮೆರಾ, ಪ್ರಿಂಟರ್ ಮಾರುತ್ತಾನೆ, ಜೊತೆಗೆ ಝೆರಾಕ್ಸ್. ಮೂವತ್ತೆರಡು ಇಂಚಿನದು ಅವನು ಈವರೆಗೆ ಯಾರಿಗೂ ತರಿಸಿಕೊಟ್ಟಿರಲಿಲ್ಲ.

"ಅಕ್ಕಾ, ಇದ್ರಾಗ ಚಾನೆಲ್ ಬರಂಗಿಲ್ಲ ನೋಡು. ಆಮ್ಯಾಲ ಟೀವಿ ಹತ್ತಲಿಲ್ಲ ಅಂತ ವಾಪಸ್ ತರಬ್ಯಾಡ."

"ಟೀವಿ ಅಲ್ಲಪಾ, ಕೆಲಸಕ್ಕ."

"ಇಷ್ಟು ದೊಡ್ಡದ್ರಾಗ ಏನ್ ಕೆಲಸ ಅಕ್ಕಾ? ತಹಸೀಲ್ದಾರ್ ಆಫೀಸ್‌ನ್ಯಾಗೂ ಹತ್ತೊಂಬತ್ತು ಇಂಚಿಂದೇ ಅದ."

ಅಲ್ಲಿ ಕೆಲಸ ಹೇಗೆ ನಡೆಯುತ್ತದೆ ಎನ್ನುವುದು ನನಗೂ ಗೊತ್ತು, ದುಡ್ಡು ಎಣಿಸಿಕೊಟ್ಟೆ. ರೈಲಿನಲ್ಲಿ ಆ ಡಬ್ಬಿ ಒಂದು ಸೀಟು ಹಿಡಿಯಿತು. ಸೇಡಂನಿಂದ ಚಿತ್ತಾಪುರದವರೆಗೆ ಏಳು ಮಂದಿ ಟೀವಿಯೇನು ಎಂದು ಕೇಳಿದರು. ಮೊದಲ ಮೂವರಿಗೆ ನಮ್ಮ ಮನೆಯವರು ಮಾನಿಟರ್ ಎಂದರೇನು ಎಂದು ಪಾಠ ಮಾಡಿದರು. ನಾಲ್ಕನೆಯವರಿಂದ ಹೌದು ಟೀವಿ ಎಂದುಬಿಟ್ಟರು.

ಮನೆಗೆ ಬಂದರೆ ಹಿಂದಿನ ಕೋಣೆಯಲ್ಲಿ ಕಲ್ಲಿನ ಮೇಜು ನಿಂತಿತ್ತು. ನಿಜ ಹೇಳಬೇಕು, ಚೆನ್ನಾಗಿತ್ತು. ನುಣ್ಣಗೆ ಉಜ್ಜಿದ ನೀಲಿ ಬೂದಿ ಬಣ್ಣದ ಕಲ್ಲು, ಕೈಯಿಟ್ಟರೆ ತಂಪು. ಗೋಡೆಯ ಕಡೆ ಎರಡು ಗಿಡ್ಡ ಕಲ್ಲಿನ ಕಂಬ, ಒಳಮೈಯಲ್ಲಿ ಮೇಲಿನಿಂದ ಕೆಳಗೆ ಕಾಲುವೆಯಂತೆ ಸೀಳು ಕೊರೆದದ್ದು. ಪರದೆಯ ಬೆನ್ನಿಗೆ ತಿರುಪು ಹಾಕುವ ನಾಲ್ಕು ತೂತುಗಳಿರುತ್ತವೆ. ಅಲ್ಲಿಗೆ ಒಂದು ಸಾಗವಾನಿ ಹಲಗೆ ಬಿಗಿದು, ಹಲಗೆಯನ್ನು ಆ ಎರಡು ಕಂಬಗಳ ನಡುವೆ ಇಳಿಸುವುದು ಮಾವನವರ ಯೋಜನೆ. ಹಲಗೆಯೂ ಸಿದ್ಧವಾಗಿತ್ತು, ಮೂವತ್ತೆರಡು ಇಂಚು, ಒಂದು ಸೂತವೂ ಹೆಚ್ಚಿಲ್ಲ ಕಡಿಮೆಯಿಲ್ಲ. ಗೋಡೆಯ ಮೇಲೆ ಸೀಮೆಸುಣ್ಣದ ಒಂದು ಗೆರೆಯೂ ಇತ್ತು. ಕಣ್ಣಿನ ಮಟ್ಟ, ಎಂದರು.

ಭಾನುವಾರ ಬೆಳಿಗ್ಗೆ ಪೂಜೆಯಾದ ಮೇಲೆ ಡಬ್ಬಿ ಬಿಚ್ಚಿದೆವು. ಪರದೆಯನ್ನು ಹಲಗೆಗೆ ಬಿಗಿದು ಕಂಬಗಳ ನಡುವೆ ಇಳಿಸಿದೆವು. ಎಡಕ್ಕೆ ಎರಡು ಇಂಚು, ಬಲಕ್ಕೆ ಎರಡು ಇಂಚು ಬರೀ ಹಲಗೆ ಕಾಣುತ್ತಿತ್ತು. ದೊಡ್ಡ ಕಟ್ಟಿನಲ್ಲಿ ಸಣ್ಣ ಫೋಟೋ ಹಾಕಿದಂತೆ.

ಮಾವನವರು ಜೇಬಿನಿಂದ ಟೇಪು ತೆಗೆದರು. ಪರದೆಯ ಅಗಲ ಅಳೆದರು. ಒರೆಸಿ ಮತ್ತೊಮ್ಮೆ ಅಳೆದರು.

"ಇಪ್ಪತ್ತೆಂಟಕ್ಕ ಒಂದು ಸೂತ ಕಮ್ಮಿ," ಎಂದರು. ನಂತರ ನನ್ನ ಕಡೆ ತಿರುಗಿದರು. ಆ ಕಣ್ಣಿನಲ್ಲಿ ಅಷ್ಟು ಸಂತೋಷ ನಾನು ನನ್ನ ಮದುವೆಯ ದಿನವೂ ಕಂಡಿರಲಿಲ್ಲ. "ನಿಮ್ಮ ಸೇಡಂದವ್ರು ನಾಕು ಇಂಚ್ ನುಂಗ್ಯಾರ."

"ಇಲ್ರಿ ಮಾವಾರ. ಇದನ್ನ ಅಗಲ ಅಳಿಯಂಗಿಲ್ಲ. ಮೂಲಿಯಿಂದ ಮೂಲಿಗಿ ಅಳೀತಾರ."

"ಏನು?"

"ಈ ಕೆಳಗಿನ ಮೂಲಿಯಿಂದ ಆ ಮ್ಯಾಲಿನ ಮೂಲಿಗಿ. ನೋಡ್ರಿ."

ಅಳೆದರು. ಮೂವತ್ತೆರಡು ಬಂತು. ಟೇಪು ಮಡಚದೆ ಹಾಗೆಯೇ ನಿಂತರು. ಆಮೇಲೆ ಸಿಟ್ಟು ಬಂತು ನೋಡಿ. ಹೊರಗೆ ಜೋಳ ಕೇರುತ್ತಿದ್ದ ಅತ್ತೆ ಮೊರ ಕೆಳಗಿಟ್ಟು ಬಂದರು.

"ಮೂಲಿ ಅಳತಿಲಿಂದ ಯಾರರ ಸಾಮಾನು ಮಾರ್ತಾರೇನು? ಮೂಲಿ ಅಳತಿ ಇರೋದು ಮಾರ್ಲಿಕ್ಕಲ್ಲ, ಕಲ್ಲು ಸೊಟ್ಟ ಅದ ಇಲ್ಲಂತ ನೋಡ್ಲಿಕ್ಕ! ಈ ಮೂಲಿ ಆ ಮೂಲಿ ಅಳೀಬೇಕು, ಎರಡೂ ಒಂದೇ ಬಂದ್ರ ಕಲ್ಲು ನೆಟ್ಟಗದ, ಇಲ್ಲಂದ್ರ ಸೊಟ್ಟ, ತಗದು ಒಗಿ. ನಲವತ್ತು ವರ್ಷ ಅದೇ ಮಾಡೀನಿ ನಾ. ದಗಾ ಅದ ಇದು, ಸುದ್ದ ದಗಾ!"

"ದೇಶದ ತುಂಬ ಹಿಂಗೇ ಮಾರ್ತಾರಪ್ಪಾ," ಎಂದು ನಮ್ಮ ಮನೆಯವರು ಬಾಯಿ ಹಾಕಿದರು. ಬಾಯಿ ಹಾಕಬಾರದಿತ್ತು.

"ಹಂಗಾದ್ರ ನೀ ಹೇಳ್ತಿದ್ದೆಲ್ಲಾ ಮೂವತ್ನಾಕಿಂದು, ಅದರದು ಉದ್ದ ಅಗಲ ಎಷ್ಟು? ತಗಿ ಫೋನು."

ಅವರು ಹುಡುಕಿ ಹೇಳಿದರು. ಮಾವನವರು ಡಬ್ಬಿಯ ರಟ್ಟಿನ ಮೇಲೆಯೇ ಗುಣಿಸಿದರು. ಅಡ್ಡೆಯಲ್ಲಿ ಕೂಗಿದಂತೆ ಕೂಗಿ ಹೇಳಿದರು: ಮೂವತ್ತನಾಲ್ಕು ಇಂಚಿನ ಪರದೆಯ ಒಟ್ಟು ಚದರ ಮೂವತ್ತೆರಡು ಇಂಚಿನದಕ್ಕಿಂತ ಕಡಿಮೆ. ನಮ್ಮ ಮನೆಯವರು ಫೋನನ್ನು ಜೇಬಿನಲ್ಲಿ ಹಾಕಿಕೊಂಡರು. ಗಣಿತದ ಮೇಷ್ಟ್ರು ಬೇರೆ. ಒಂದು ತಿಂಗಳು ಗುಂಪಿನಲ್ಲಿ ಅಷ್ಟು ಇಂಜಿನಿಯರುಗಳು ಬಡಿದಾಡಿದರಲ್ಲ, ಅವರಲ್ಲಿ ಒಬ್ಬರೂ ಉದ್ದವನ್ನು ಅಗಲದಿಂದ ಗುಣಿಸಿ ನೋಡಿರಲಿಲ್ಲ. ನಾನೂ ನೋಡಿರಲಿಲ್ಲ, ನಾಚಿಕೆಯಾಯಿತು.

"ದೊಡ್ಡದಂತ ಹೇಳಿ ಸಣ್ಣದು ಮಾರ್ತಾರ," ಎಂದು ಮಾವನವರು ಗೆದ್ದವರಂತೆ ರಟ್ಟನ್ನು ಬದಿಗಿಟ್ಟರು. ಅತ್ತೆ ಇದರಲ್ಲಿ ಧಾರಾವಾಹಿ ಬರುವುದಿಲ್ಲವೇನು ಎಂದು ಕೇಳಿದರು. ಇಲ್ಲ ಎಂದೆ. ಹಾಗಾದರೆ ಇಷ್ಟು ಗದ್ದಲ ಯಾತಕ್ಕೆ ಎಂದು ಮತ್ತೆ ಜೋಳ ಕೇರಲು ಹೋದರು. ನಮ್ಮ ಮನೆಯವರೂ ಸಂತೆಗೆ ಹೋಗಬೇಕು ಎಂದು ಚೀಲ ಹಿಡಿದು ಜಾಗ ಖಾಲಿ ಮಾಡಿದರು.

ಉಳಿದವರು ನಾವಿಬ್ಬರು. ಮಾವನವರು ಹಲಗೆಯ ಕೆಳಗೆ ತೆಳ್ಳನೆಯ ಪಟ್ಟಿ ಕಲ್ಲು ಸೇರಿಸಿದರು. ಪರದೆಯ ತಲೆ ಗೋಡೆಯ ಗೆರೆಗೆ ಸರಿಯಾಗಿ ಮುಟ್ಟಿತು. ರಸಮಟ್ಟ ಇಟ್ಟರು, ಗುಳ್ಳೆ ನಡುವಿಗೆ ನಿಂತಿತು. "ಬರೋಬ್ಬರಿ. ಕುಂದ್ರು," ಎಂದರು.

ಕೂತೆ. ಡಾಕ್ಟರಮ್ಮ ಹೇಳಿದಂತೆ ಬೆನ್ನು ನೇರ, ಭುಜ ಹಿಂದೆ, ಗದ್ದ ಒಳಗೆ. ಪರದೆ ನೋಡಿದೆ. ಗದ್ದ ತಾನಾಗಿಯೇ ಎದೆಗೆ ಇಳಿಯಿತು. ಪರದೆಯ ಮೇಲಂಚು ನನ್ನ ಕಣ್ಣಿಗಿಂತ ಬಹಳ ಕೆಳಗಿತ್ತು. ಟ್ರಂಕಿನ ಮುಂದೆ ಕೂತಂತೆಯೇ ಇತ್ತು, ಟ್ರಂಕು ಕಲ್ಲಾಗಿತ್ತು ಅಷ್ಟೆ. ಇಷ್ಟೆಲ್ಲ ಮಾಡಿ ಮತ್ತೆ ಅಲ್ಲಿಗೇ ಬಂದೆನಲ್ಲ, ಈ ಬೆರಳುಗಳು ಹೋದವಲ್ಲ ಅನ್ನಿಸಿತು.

"ಮಾವಾರ, ತಗ್ಗ ಆಗ್ಯಾದ್ರಿ."

"ಆಗಲಾರದು. ಗೆರಿಗಿ ಬರೋಬ್ಬರಿ ಅದ."

"ಗೆರಿನೇ ತಗ್ಗ ಅದ್ರಿ."

ಈಗ ಸಿಟ್ಟು ಬರಲಿಲ್ಲ ಅವರಿಗೆ. ನಿಧಾನವಾಗಿ, ಚಿಕ್ಕ ಮಗುವಿಗೆ ಹೇಳುವಂತೆ ಹೇಳಿದರು. "ಕೇಳಿಲ್ಲಿ. ಮೊನ್ನಿ ನೀ ಗಿರಣಿಗಿ ಹೋದಾಗ ಇದೇ ಕುರ್ಚಿ ಮ್ಯಾಲ ನಾ ಕುಂತೆ. ಪೂಜಿಗಿ ಕುಂತಂಗ ನೆಟ್ಟಗ ಕುಂತು, ಅಂಗೈ ಹಿಡದು, ಗ್ವಾಡಿ ಮ್ಯಾಲ ಗೆರಿ ಹಾಕೀನಿ. ನಾ ನಿನಗಿಂತ ಎತ್ತರ ಅದೀನಿ. ಅಂದ್ರ ನಿನಗ ಜರಾ ಮ್ಯಾಲೇ ಆಗಬೇಕು ಹೊರತು ತಗ್ಗ ಆಗಂಗಿಲ್ಲ."

ಲೆಕ್ಕದಲ್ಲಿ ತಪ್ಪು ಹುಡುಕುವಂತಿರಲಿಲ್ಲ. ನನ್ನ ಮದುವೆಯ ಫೋಟೋದಲ್ಲಿ ಅವರು ನನಗಿಂತ ಗೇಣುದ್ದ ಎತ್ತರ ಇದ್ದಾರೆ.

"ಹಂಗಾದ್ರ ನಂದೂ ಒಂದು ಗೆರಿ ಹಾಕ್ರಿ," ಎಂದೆ. ಅವರು ಸೀಮೆಸುಣ್ಣ ತಂದು, ರಸಮಟ್ಟವನ್ನು ನನ್ನ ಕಣ್ಣಿನ ಪಕ್ಕ ಹಿಡಿದು, ಅಲ್ಲಿಂದ ಗೋಡೆಗೆ ಗೆರೆ ಎಳೆದರು. ಟೇಪು ಹಿಡಿದರು. ಅವರ ಗೆರೆಗಿಂತ ನನ್ನದು ನಾಲ್ಕು ಇಂಚು ಮೇಲಿತ್ತು.

"ನೀ ಎದ್ದು ಕುಂತಿ," ಎಂದರು.

"ಇಲ್ರಿ."

"ಏಳು. ನಾ ತೋರಸ್ತೀನಿ."

ನಾನೆದ್ದೆ, ಅವರು ಕೂತರು. ಕಾಲು ಜೋಡಿಸಿದರು, ಕಣ್ಣು ಅರೆ ಮುಚ್ಚಿದರು, ಎಡಗೈಯನ್ನು ಕಣ್ಣ ಮುಂದೆ ಹಿಡಿದರು. ನೆಟ್ಟಗೆ ಕೂತಿದ್ದೇನೆ ಎಂಬ ಭರವಸೆ ಅವರ ಮುಖದ ತುಂಬ ಇತ್ತು. ನಾನು ಪಕ್ಕದಿಂದ ನೋಡಿದೆ. ಈ ಮನೆಗೆ ಬಂದು ಇಷ್ಟು ವರ್ಷವಾಯಿತು, ದಿನವೂ ಅವರನ್ನು ಮುಂದಿನಿಂದ ನೋಡಿದ್ದೆ, ಊಟಕ್ಕೆ ಬಡಿಸುವಾಗ ಮೇಲಿನಿಂದ ನೋಡಿದ್ದೆ. ಪಕ್ಕದಿಂದ ನೋಡಿರಲಿಲ್ಲ. ಬೆನ್ನು ಅಂಗಿಯ ಒಳಗೆ ಕೊಡದಂತೆ ಉಬ್ಬಿತ್ತು. ಕುತ್ತಿಗೆ ಭುಜದಿಂದ ಮೇಲಕ್ಕೆ ಹೋಗುವುದನ್ನು ಬಿಟ್ಟು ಮುಂದಕ್ಕೆ ಹೋಗುತ್ತಿತ್ತು. ನಲವತ್ತು ವರ್ಷ ನೆಲದ ಮೇಲಿನ ಕಲ್ಲಿಗೆ ಬಾಗಿದ ಬೆನ್ನು. ಅದು ಬಾಗಿದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ, ಹೇಳುವ ಧೈರ್ಯ ಯಾರಿಗಿತ್ತು?

"ಹಿಡಿ ರಸಮಟ್ಟ," ಎಂದರು.

ಹಿಡಿದೆ. ಅವರ ಕಣ್ಣಿನಿಂದ ಗೋಡೆಗೆ ತಂದೆ. ಅವರದೇ ಹಳೆಯ ಗೆರೆಯ ಮೇಲೆ ಬಂದು ನಿಂತಿತು. ಒಂದು ಸೂತವೂ ಆಚೆ ಈಚೆ ಇಲ್ಲ.

ಮಾವನವರು ಆ ಎರಡು ಗೆರೆಗಳನ್ನೂ ಬಹಳ ಹೊತ್ತು ನೋಡಿದರು. ಕೆಳಗಿನದು, ಮೇಲಿನದು, ಮತ್ತೆ ಕೆಳಗಿನದು. ಕೈ ಕಣ್ಣ ಮುಂದೆಯೇ ಇತ್ತು, ಇಳಿಸುವುದನ್ನು ಮರೆತಿದ್ದರು. ಒಂದು ತಿಂಗಳಿಂದ ಅವರ ಒಂದು ಮಾತಿಗೆ ಎರಡು ಮಾತು ಕೊಟ್ಟವಳು ನಾನು. ಈಗ ಗೆಲ್ಲಲು ಬಾಯಿ ತೆರೆಯುವುದೂ ಬೇಕಿರಲಿಲ್ಲ. ನನಗೆ ಗೆಲ್ಲುವುದೇ ಬೇಡವಾಗಿತ್ತು.

ಕೊನೆಗೆ ಕೈ ಇಳಿಸಿ ಹೇಳಿದರು. "ಗ್ವಾಡಿ ಸೊಟ್ಟ ಅದ."

ತಾವೇ ತೂಗುಗುಂಡು ಬಿಟ್ಟು ಕಟ್ಟಿಸಿದ ಗೋಡೆ.

"ಹೌದ್ರಿ ಮಾವಾರ," ಎಂದೆ. "ಗ್ವಾಡಿನೇ ಸೊಟ್ಟ ಅದ್ರಿ."

ಇದಾಗಿ ಐದು ತಿಂಗಳಾಯಿತು. ಕಿರುಬೆರಳು ಎದ್ದಿದೆ, ರೊಟ್ಟಿಯ ಹಿಟ್ಟು ಚುರುಕ್ಕೆಂದು ಸುಡುತ್ತದೆ, ನಾನು ಸಂತೋಷದಿಂದ ಹಾಯ್ ಎನ್ನುತ್ತೇನೆ. ಪಕ್ಕದ ಬೆರಳು ಇನ್ನೂ ಅರೆನಿದ್ದೆಯಲ್ಲಿದೆ. ಡಾಕ್ಟರಮ್ಮ ಕೆಲಸ ಬಿಡಬೇಕಿಲ್ಲ ಎಂದಿದ್ದಾರೆ. ಮೊನ್ನೆ ಮನೆಗೆ ಸುಣ್ಣ ಬಳಿದರು. ಮಾವನವರು ಹಿಂದಿನ ಕೋಣೆಯ ಆ ಗೋಡೆಗೆ ಬಳಿಯಲು ಬಿಡಲಿಲ್ಲ, ಯಾಕೆಂದು ಯಾರಿಗೂ ಹೇಳಲಿಲ್ಲ. ಎರಡೂ ಗೆರೆಗಳು ಹಾಗೆಯೇ ಇವೆ.

ಆ ಭಾನುವಾರ ಅವರು ಕುರ್ಚಿಯಿಂದೆದ್ದು, ಅಂಗಳದಿಂದ ನಾಲ್ಕು ಪಟ್ಟಿ ಕಲ್ಲು ತಂದು, ಒಂದೊಂದಾಗಿ ಹಲಗೆಯ ಕೆಳಗೆ ಸೇರಿಸಿದರು. ಪರದೆಯ ತಲೆ ನನ್ನ ಗೆರೆಗೆ ಮುಟ್ಟಿತು. ರಸಮಟ್ಟ ಇಟ್ಟು ನೋಡಿ, ಟೇಪನ್ನು ಜೇಬಿಗೆ ಹಾಕಿಕೊಂಡು ಬಾಗಿಲವರೆಗೆ ಹೋದರು. ನಾನು ಕುರ್ಚಿಯಲ್ಲಿ ಕೂತ ಸದ್ದು ಕೇಳಿ ಅಲ್ಲೇ ನಿಂತರು, ತಿರುಗಲಿಲ್ಲ.

"ನೆಟ್ಟಗ ಕುಂದ್ರವ್ವಾ," ಎಂದರು. "ಇಲ್ಲಂದ್ರ ಮುಂದ ನಿನಗೂ ಗ್ವಾಡಿ ಸೊಟ್ಟ ಕಾಣ್ತದ."